ಆರೋ ಒಂಬತ್ತೋ: ಅಕ್ಕಲಕೋಟೆಗೆ ಹೋದ ಒಂದು ಫ್ಯಾಕ್ಸು

ಸೊಲ್ಲಾಪುರದ ಅಡತಿ ಅಂಗಡಿಯಲ್ಲಿ ಕೂತು ಅಕ್ಕಲಕೋಟೆಗೆ ಕನ್ನಡದಲ್ಲಿ ಒಂದು ಕಾಗದ ಕಳಿಸಬೇಕೆಂದರೆ 1999ರಲ್ಲಿ ಮೂರು ದಾರಿ ಇದ್ದವು. ಟಪಾಲಿಗೆ ಹಾಕಿದರೆ ಎರಡು ದಿನ. ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅವನ ಮರ್ಜಿ. ಮೂರನೆಯದು ಫ್ಯಾಕ್ಸ್. ನಲವತ್ತು ಕಿಲೋಮೀಟರಿನ ಹಾದಿಯನ್ನು ಅದು ಒಂದು ನಿಮಿಷದಲ್ಲಿ ಮುಗಿಸುತ್ತಿತ್ತು.

ನಾನು ಆಗ ಮಾರ್ಕೆಟ್ ಯಾರ್ಡಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತೊಗರಿ ಸುಗ್ಗಿಯಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಊರುಗಳಿಂದ, ಗಡಿಯಾಚೆಯ ಅಫಜಲಪುರ, ಆಳಂದದ ಕಡೆಯಿಂದ ಬೆಳಗಾದರೆ ಫೋನು: “ಇವತ್ತ ಭಾವ ಏನ್ ಅದ್ರಿ?” ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ಸಾವಕಾರರು ಫ್ಯಾಕ್ಸ್ ಮಷೀನು ತಂದರು. ಆದರೆ ಹನ್ನೊಂದು ಬೂತುಗಳಿಗೆ ಭಾವದ ಚೀಟಿ ಕಳಿಸಲು ಒಬ್ಬ ಹುಡುಗ ಅದೇ ಹಾಳೆಯನ್ನು ಹನ್ನೊಂದು ಸಲ ತುರುಕುತ್ತ ನಿಲ್ಲಬೇಕು. ನಂಬರು ಎಂಗೇಜ್ ಬಂದರೆ ಮತ್ತೆ ಮೊದಲಿನಿಂದ.

ಅಂಗಡಿಯಲ್ಲಿ ಹಳೆಯ ಒಂದು 486 ಕಂಪ್ಯೂಟರ್ ಧೂಳು ತಿನ್ನುತ್ತಿತ್ತು. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಆ ವರ್ಷಗಳಲ್ಲಿ ಲಿನಕ್ಸ್ ಸಿ.ಡಿ. ಪುಕ್ಕಟೆ ಬರುತ್ತಿತ್ತು. ಅದನ್ನು ಹಾಕಿಕೊಂಡು, ಹಿಂದಿನ ಸೀರಿಯಲ್ ಪೋರ್ಟಿಗೆ ಒಂದು ಮೋಡೆಮ್ ಸಿಕ್ಕಿಸಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಲಿಯತೊಡಗಿದೆ. ಮೌಸ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಅದರ ಮೇಲೆ ನೀವು ಟೈಪು ಮಾಡಿದ ಆಜ್ಞೆ, ಅಷ್ಟೇ.

ಮೋಡೆಮ್‌ಗೆ ಅದರದೇ ಒಂದು ಭಾಷೆ ಇದೆ. ಹೇಸ್ ಕಂಪನಿ 1981ರಲ್ಲಿ ಶುರುಮಾಡಿದ್ದು. ಪ್ರತಿ ಮಾತೂ ‘ಎಟಿ’ಯಿಂದ ಆರಂಭ. ‘ಎಟಿಡಿಟಿ’ ಎಂದರೆ ಟೋನ್‌ನಲ್ಲಿ ಡಯಲ್ ಮಾಡು, ‘ಎಟಿಡಿಪಿ’ ಎಂದರೆ ಹಳೆಯ ಪಲ್ಸ್‌ನಲ್ಲಿ, ‘ಎಟಿಎಚ್’ ಎಂದರೆ ಫೋನು ಇಡು. ನಮ್ಮ ಲೈನಿನ ಡಯಲ್ ಟೋನನ್ನು ನಮ್ಮ ಮೋಡೆಮ್ ಗುರುತಿಸುತ್ತಲೇ ಇರಲಿಲ್ಲ. ‘ನೋ ಡಯಲ್‌ಟೋನ್’ ಎಂದು ಹಟ ಹಿಡಿಯಿತು. ಮೂರು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ‘ಎಟಿಎಕ್ಸ್3’ ಎಂಬ ಆಜ್ಞೆ ಗೊತ್ತಾಯಿತು. ಟೋನ್ ಕೇಳಲಿ ಬಿಡಲಿ, ಕಣ್ಣು ಮುಚ್ಚಿ ಡಯಲ್ ಮಾಡು ಎಂದು ಅದರ ಅರ್ಥ.

ಕಳಿಸುವ ಕೆಲಸಕ್ಕೆ ಎಡ್ ಕಾಸಾಸ್ ಎಂಬುವರು ಬರೆದ ‘ಇಫ್ಯಾಕ್ಸ್’ ಎಂಬ ಸಣ್ಣ ತಂತ್ರಾಂಶ ಸಾಕಾಯಿತು. ದೊಡ್ಡ ಕಚೇರಿಗಳವರು ಹೈಲಾಫ್ಯಾಕ್ಸ್ ಬಳಸುತ್ತಿದ್ದರು, ನಮಗೆ ಅಷ್ಟೆಲ್ಲ ಬೇಕಿರಲಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಶ್ರೀಲಿಪಿ ಇತ್ತು, ಅದರಲ್ಲಿ ಮರಾಠಿಯೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಚೀಟಿಯನ್ನು ಅಲ್ಲಿ ಟೈಪು ಮಾಡಿ, ಪ್ರಿಂಟರಿಗೆ ಹೋಗಬೇಕಾದ್ದನ್ನು ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಫ್ಲಾಪಿಗೆ ಇಳಿಸಿ, 486ಕ್ಕೆ ತಂದರೆ ಘೋಸ್ಟ್‌ಸ್ಕ್ರಿಪ್ಟ್ ಅದನ್ನು ಕಪ್ಪು-ಬಿಳಿ ಚುಕ್ಕೆಗಳ ಚಿತ್ರ ಮಾಡುತ್ತಿತ್ತು. ಆಮೇಲೆ ನಂಬರುಗಳ ಪಟ್ಟಿ ಕೊಟ್ಟು ಕೂತರಾಯಿತು. ಎಂಗೇಜ್ ಇದ್ದರೆ ಇಫ್ಯಾಕ್ಸ್ ‘1’ ಎಂಬ ಸಂಕೇತ ಹಿಂದಿರುಗಿಸುತ್ತಿತ್ತು. ಅದನ್ನು ನೋಡಿ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುವಂತೆ ನಾಲ್ಕು ಸಾಲು ಬರೆದಿಟ್ಟಿದ್ದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಹನ್ನೊಂದೂ ಕಡೆ ಚೀಟಿ ಮುಟ್ಟಿರುತ್ತಿತ್ತು.

ಬೂತಿನ ಹುಡುಗರಿಗೂ ಇದು ರೂಢಿಯಾಯಿತು. ಫೋನೆತ್ತಿ ‘ಹಲೋ’ ಎಂದರೆ ಈ ಕಡೆಯಿಂದ ಮಾತಿಲ್ಲ, ಮೂರು ಸೆಕೆಂಡಿಗೊಮ್ಮೆ ‘ಪೀಂ’. ಅದು ಕಳಿಸುವ ಯಂತ್ರದ 1100 ಹರ್ಟ್ಸ್ ಸದ್ದು. ಹುಡುಗ ಸ್ಟಾರ್ಟ್ ಗುಂಡಿ ಒತ್ತಿದರೆ ಅವನ ಮಷೀನು 2100 ಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಎರಡೂ ಯಂತ್ರಗಳು ತಮ್ಮತಮ್ಮಲ್ಲೇ ವೇಗ ಗೊತ್ತು ಮಾಡಿಕೊಳ್ಳುತ್ತವೆ. ಲೈನು ಚೆನ್ನಾಗಿದ್ದರೆ 9600, ಕರಕರ ಎನ್ನುತ್ತಿದ್ದರೆ 4800 ಅಥವಾ 2400. ಮಳೆ ಬಂದ ದಿನ 2400ಕ್ಕೇ ಸಮಾಧಾನಪಡಬೇಕು.

ಗಡಿಭಾಗದವರಿಗೆ ಫ್ಯಾಕ್ಸ್ ಒಗ್ಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಆಗಿನ ಇ-ಮೇಲ್‌ನಲ್ಲಿ ಕನ್ನಡ ಕಳಿಸಿದರೆ ಆ ಕಡೆ ಅದೇ ಫಾಂಟ್ ಇಲ್ಲದಿದ್ದರೆ ಬರೀ ಗೊಂಡಾರಣ್ಯ ಕಾಣುತ್ತಿತ್ತು. ಫ್ಯಾಕ್ಸಿಗೆ ಭಾಷೆಯ ಗೊಡವೆ ಇಲ್ಲ. ಒಂದು ಗೆರೆಗೆ 1728 ಚುಕ್ಕೆ, ಕಪ್ಪೋ ಬಿಳಿಯೋ ಅಷ್ಟೇ. ಮರಾಠಿ ಶಾಲೆಯಲ್ಲಿ ಓದಿದವರಿಗೆ ಮರಾಠಿ ಹಾಳೆ, ಕನ್ನಡ ಶಾಲೆಯಲ್ಲಿ ಓದಿದವರಿಗೆ ಕನ್ನಡ ಹಾಳೆ ಎಂದು ಎರಡು ಪಟ್ಟಿ ಮಾಡಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಎಡವಿದ್ದೂ ಅಲ್ಲೇ.

ಫ್ಯಾಕ್ಸಿನಲ್ಲಿ ಗೆರೆಗಳ ದಟ್ಟಣೆ ಎರಡು ಬಗೆ. ಸಾಧಾರಣ ಬಗೆಯಲ್ಲಿ ಇಂಚಿಗೆ 98 ಗೆರೆ, ‘ಫೈನ್’ ಬಗೆಯಲ್ಲಿ 196. ಫೈನ್ ಎಂದರೆ ಸುಮಾರು ಎರಡು ಪಟ್ಟು ಹೊತ್ತು, ಎಸ್.ಟಿ.ಡಿ. ಮೀಟರೂ ಆಗ ಹಾಗೆಯೇ ಓಡುತ್ತಿತ್ತು. ಇಫ್ಯಾಕ್ಸಿನ ಆಜ್ಞೆಯಲ್ಲಿ ‘ಸೆಂಡ್’ ಎಂದ ಮೇಲೆ ಒಂದು ಅಡ್ಡಗೆರೆ, ಒಂದು ‘ಎಲ್’ ಅಕ್ಷರ ಸೇರಿಸಿದರೆ ಸಾಧಾರಣ ಬಗೆ, ಸೇರಿಸದಿದ್ದರೆ ಫೈನ್. ಫೋನಿನ ಬಿಲ್ಲು ಉಳಿಸುವ ಹುರುಪಿನಲ್ಲಿ ನಾನು ಆ ‘ಎಲ್’ ಸೇರಿಸಿಬಿಟ್ಟೆ. ಸಾವಕಾರರು ಬೆನ್ನು ತಟ್ಟಿದರು.

ಈಗ ಲೆಕ್ಕ ಹಾಕಿ. ಮೂರು ಮಿಲಿಮೀಟರ್ ಎತ್ತರದ ಒಂದು ಅಂಕಿಗೆ ಫೈನ್‌ನಲ್ಲಿ 23 ಗೆರೆ ಸಿಗುತ್ತವೆ, ಸಾಧಾರಣದಲ್ಲಿ ಹನ್ನೊಂದು. ಇಂಗ್ಲಿಷ್ ಅಂಕಿಗೆ ಹನ್ನೊಂದು ಸಾಕು. ಕನ್ನಡದ ೬ ಮತ್ತು ೯ ನೋಡಿ: ತಲೆ ಒಂದೇ ತರಹ, ಕೆಳಗಿನ ಬಾಲದ ತಿರುವಿನಲ್ಲಷ್ಟೇ ವ್ಯತ್ಯಾಸ. ಹನ್ನೊಂದು ಗೆರೆಯಲ್ಲಿ ಬಾಲಕ್ಕೆ ಸಿಗುವುದು ಮೂರೋ ನಾಲ್ಕೋ. ಅದರಲ್ಲೊಂದು ಲೈನಿನ ಗದ್ದಲಕ್ಕೆ ಹಾರಿಹೋದರೆ ಮುಗಿಯಿತು.

ಒಂದು ದಿನ ಮಧ್ಯಾಹ್ನ ಅಕ್ಕಲಕೋಟೆ ಕಡೆಯ ರೈತರೊಬ್ಬರು ಟೆಂಪೋದಲ್ಲಿ ಇಪ್ಪತ್ತು ಕ್ವಿಂಟಲ್ ತೊಗರಿ ಹೇರಿಕೊಂಡು ಬಂದು ಇಳಿದರು. ನಮ್ಮ ಚೀಟಿಯಲ್ಲಿದ್ದ ಭಾವ ಕ್ವಿಂಟಲಿಗೆ ೧೬೫೦. ಅವರು ಓದಿಕೊಂಡದ್ದು ೧೯೫೦. ಊರ ಹತ್ತಿರದ ಪೇಟೆಯಲ್ಲಿ 1,720ಕ್ಕೆ ಕೇಳಿದವರಿಗೆ ಇಲ್ಲವೆಂದು ಹೇಳಿ, ಬಾಡಿಗೆ ಕೊಟ್ಟು ಇಲ್ಲಿಗೆ ಬಂದಿದ್ದರು. ಮಗಳ ಲಗ್ನ ಮುಂದಿತ್ತು.

“ತಮ್ಮಾ, ಕಾಗದದಾಗ ಒಂಬತ್ತ ಅದ, ಬಾಯಾಗ ಆರು ಅಂತೀರಿ. ಯಾವದ ಖರೇ?” ಎಂದು ಹಾಳೆಯನ್ನು ಗಲ್ಲೆಯ ಮೇಲೆ ಇಟ್ಟರು.

ನಾನು ಧೈರ್ಯವಾಗಿಯೇ ಇದ್ದೆ. ಕಳಿಸಿದ ಪ್ರತಿ ಹಾಳೆಯ ಚಿತ್ರವೂ ಫೈಲಾಗಿ ಕಂಪ್ಯೂಟರಿನಲ್ಲಿ ಉಳಿದಿತ್ತು, ಎಷ್ಟು ಹೊತ್ತಿಗೆ ಹೋಯಿತೆಂಬ ದಾಖಲೆಯೂ ಇತ್ತು. “ಕಾಕಾ, ಬರ್ರಿ, ತೋರಿಸ್ತೀನಿ” ಎಂದು ಫೈಲು ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿದೆ. ನೋಡಿದರೆ ನನಗೇ ಗೊತ್ತಾಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೂತ ಕಪ್ಪು ಚುಕ್ಕೆಗಳು. ಆರು ಎಂದರೆ ಆರು, ಒಂಬತ್ತು ಎಂದರೆ ಒಂಬತ್ತು. ಫ್ಯಾಕ್ಸ್ ಮುಟ್ಟಿತೆಂಬ ‘ಓಕೆ’ ಮಾತ್ರ ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ಮುಟ್ಟಿದ್ದನ್ನು ಓದಲಿಕ್ಕೆ ಬರುತ್ತದೋ ಇಲ್ಲವೋ ಎಂದು ಆ ಯಂತ್ರ ಯಾಕೆ ನೋಡಬೇಕು?

ಸಾವಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೆಕ್ಕ ಮಾಡಿದರು. ಹತ್ತಿರದ ಪೇಟೆಯ ಭಾವಕ್ಕೂ ನಮ್ಮದಕ್ಕೂ ಕ್ವಿಂಟಲಿಗೆ ಎಪ್ಪತ್ತು ರೂಪಾಯಿ ಫರಕು. ಇಪ್ಪತ್ತು ಕ್ವಿಂಟಲಿಗೆ 1,400, ಮೇಲೆ ಟೆಂಪೋ ಬಾಡಿಗೆ. ಬಾಡಿಗೆ ಪೂರ್ತಿ, ಫರಕಿನಲ್ಲಿ ಅರ್ಧ ಅಂಗಡಿಯ ಖರ್ಚಿಗೆ ಬರೆಯಲು ಹೇಳಿದರು. ತಮ್ಮ ಅಡತಿಯನ್ನೂ ಬಿಟ್ಟರು. ರೈತರಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಆಗಬೇಕಾದ ಕಾರಣವೂ ಇರಲಿಲ್ಲ. “ಬರೇ ಕಾಗದ ಕಳಸಬ್ಯಾಡ್ರಿ, ಒಂದ ಮಾತ ಫೋನ್ ಮಾಡ್ರಿ” ಎಂದು ಹೋದರು.

ಅವತ್ತೇ ಆ ‘ಎಲ್’ ಅಳಿಸಿದೆ. ಅಂಕಿಯನ್ನು ದಪ್ಪ ಮಾಡಿದೆ. ನಮ್ಮ ಹಿರಿಯರು ಕೈಸಾಲದ ಚೀಟಿಯಲ್ಲೂ ‘ಅಕ್ಷರೇಣ’ ಎಂದು ಬರೆಯುತ್ತಿದ್ದದ್ದು ಆಗ ನೆನಪಾಯಿತು. ಅಂದಿನಿಂದ ಪ್ರತಿ ಭಾವದ ಮುಂದೆ ‘ಒಂದು ಸಾವಿರದ ಆರುನೂರ ಐವತ್ತು’ ಎಂದು ಅಕ್ಷರದಲ್ಲೂ ಹೋಗತೊಡಗಿತು. ಫೋನಿನ ಬಿಲ್ಲು ಏರಿತು; ಸಾವಕಾರರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಈಗ ಚೀಟಿಗಳು ಮೊಬೈಲಿನಲ್ಲಿ ಫೋಟೋ ಆಗಿ ಓಡಾಡುತ್ತವೆ. ಇಫ್ಯಾಕ್ಸ್, ಹೈಲಾಫ್ಯಾಕ್ಸ್ ಲಿನಕ್ಸ್‌ನಲ್ಲಿ ಇಂದಿಗೂ ಸಿಗುತ್ತವೆ, ಯು.ಎಸ್.ಬಿ. ಮೋಡೆಮ್ ಸಿಕ್ಕಿಸಿದರೆ ಕೆಲಸವನ್ನೂ ಮಾಡುತ್ತವೆ. ಆದರೆ ತಾಮ್ರದ ಲೈನು ಬೇಕು. ಫೈಬರ್ ಫೋನಿನಲ್ಲಿ ಧ್ವನಿ ತುಂಡುತುಂಡಾಗಿ ಹೋಗುವುದರಿಂದ ಮೋಡೆಮ್‌ನ ಸದ್ದು ಅನೇಕ ಸಲ ನಡುವೆಯೇ ಹರಿಯುತ್ತದೆ. ಅದಕ್ಕೆಂದೇ ‘ಟಿ.38’ ಎಂಬ ಬೇರೆ ಪದ್ಧತಿ ಇದೆ, ಎರಡೂ ಕಡೆ ಅದು ಇದ್ದರೆ ಸರಿ.

ಆ ರೈತರು ಗಲ್ಲೆಯ ಮೇಲೆ ಬಿಟ್ಟುಹೋದ ಹಾಳೆ ಬಹಳ ಕಾಲ ನನ್ನ ಹತ್ತಿರವೇ ಇತ್ತು. ಬೂತಿನ ಮಷೀನುಗಳದ್ದು ಬಿಸಿಗೆ ಕಪ್ಪಾಗುವ ನುಣುಪು ಕಾಗದ. ಬಿಸಿಲು, ಪ್ಲಾಸ್ಟಿಕ್ಕು ಎರಡೂ ಅದಕ್ಕೆ ಆಗಿಬರುವುದಿಲ್ಲ. ನಾನು ಜೋಪಾನವೆಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೆ, ಅದೀಗ ಪೂರ್ತಿ ಬಿಳಿಯಾಗಿದೆ. ಅಂಥ ಪಟ್ಟಿ, ಪಾವತಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಅಕ್ಷರ ಹಾರುವ ಮೊದಲು ಝೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.