ಬಾಣ, ಬಿರುಸು, ರಾಕೆಟ್ಟು

ದೀಪಾವಳಿಯ ರಾತ್ರಿ ಖಾಲಿ ಸೀಸೆಯಲ್ಲಿ ಕಡ್ಡಿ ನಿಲ್ಲಿಸಿ ರಾಕೆಟ್ಟು ಹಾರಿಸದ ಓಣಿ ಹೂವಿನಹಡಗಲಿಯಲ್ಲಿ ಇರಲಾರದು. ಸುರ್ರೆಂದು ಏರಿ, ಕ್ಷಣಕಾಲ ಬೆಳಗಿ, ಯಾರದೋ ಮಾಳಿಗೆಯ ಮೇಲೋ ಬಣವೆಯ ಮೇಲೋ ಬೀಳುವ ಆ ವಸ್ತುವಿಗೂ, 2023ರ ಜುಲೈ 14ರಂದು ಚಂದ್ರಯಾನವನ್ನು ಹೊತ್ತು ಶ್ರೀಹರಿಕೋಟೆಯಿಂದ ಮೇಲೆದ್ದ ಮಹಾವಾಹನಕ್ಕೂ ಮೂಲ ತತ್ತ್ವ ಒಂದೇ. ಒಳಗೆ ಉರಿದ ಮದ್ದು ಬಿಸಿಗಾಳಿಯಾಗಿ ಹಿಂದಕ್ಕೆ ರಭಸದಿಂದ ನುಗ್ಗುತ್ತದೆ. ಕೊಳವೆ ಮುಂದಕ್ಕೆ ಹೋಗುತ್ತದೆ. ಇವೆರಡರ ನಡುವೆ ಮೂರನೆಯದೊಂದು ಉಂಟು: ಅರಟ್ಟಿನ ಕೊಳವೆ, ತೆಳುಹಲಗೆಯ ರೆಕ್ಕೆ, ಬಟ್ಟೆಯ ಕೊಡೆಗಳಿಂದ ಹವ್ಯಾಸಿಗಳು ಕಟ್ಟಿ ಹಾರಿಸುವ ಮಾದರಿ ರಾಕೆಟ್ಟು. ಇದರ ವಿಚಾರವನ್ನು ನಮ್ಮ ಮನೆಗಳ ಹಿರಿಯರೂ ಹುಡುಗರೂ ಕೂಡಿ ತಿಳಿಯುವುದು ಒಳ್ಳೆಯದು. ಏಕೆಂದರೆ ಹುಡುಗರ ಕುತೂಹಲ ಹೇಗೂ ತಡೆಯುವಂತಹುದಲ್ಲ.

ಈ ವಿದ್ಯೆ ನಮಗೆ ಪರದೇಶದ್ದೂ ಅಲ್ಲ. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಬಾಣದ ದಳಗಳೇ ಇದ್ದವು. 1780ರ ಸೆಪ್ಟೆಂಬರಿನಲ್ಲಿ ಕರ್ನಲ್ ಬೈಲಿಯ ಪಡೆ ಸೋತ ಪೊಲ್ಲಿಲೂರಿನ ಕಾಳಗದಲ್ಲಿ ಈ ಬಾಣಗಳು ಹಾರಿದವು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಇಂಗ್ಲಿಷರು ಸಿಕ್ಕಿದ ಬಾಣಗಳನ್ನು ತಮ್ಮ ದೇಶಕ್ಕೆ ಒಯ್ದರು. ವುಲಿಚ್ಚಿನಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅದೇ ಜಾಡಿನಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಮೈಸೂರಿನ ಬಾಣದ ಹೆಚ್ಚಳವೇನು? ಅದರ ಕೊಳವೆ ಕಬ್ಬಿಣದ್ದು. ಕಾಗದದ ಕೊಳವೆ ಸ್ವಲ್ಪ ಒತ್ತಡಕ್ಕೇ ಹರಿದುಹೋಗುವುದು. ಕಬ್ಬಿಣ ಹೆಚ್ಚು ಒತ್ತಡವನ್ನು ತಾಳುವುದು, ಒತ್ತಡ ಹೆಚ್ಚಿದಷ್ಟೂ ಹಿಂದೆ ನುಗ್ಗುವ ಅನಿಲದ ವೇಗ ಹೆಚ್ಚು. ನಮ್ಮ ಕಮ್ಮಾರರ ಕೈಗುಣವೂ ಆ ವಿಜಯದಲ್ಲಿ ಪಾಲುದಾರ ಎಂದರೆ ತಪ್ಪಾಗದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದನ್ನು ಪುರಾತತ್ತ್ವ ಇಲಾಖೆಯವರು ಅಗೆಸಿದಾಗ ಇಂತಹ ಬಾಣಗಳು ಸಾವಿರಕ್ಕೂ ಮಿಕ್ಕಿ ದೊರೆತವು. ತುಕ್ಕು ಹಿಡಿದ, ಗೇಣುದ್ದಕ್ಕೆ ತುಸು ಮಿಕ್ಕ ಕೊಳವೆಗಳು. ಆ ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ.

ಆ ಬಾಣಕ್ಕೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ದೀಪಾವಳಿಯ ರಾಕೆಟ್ಟಿನ ಕಡ್ಡಿ ಅದರ ಮೊಮ್ಮಗನೇ. ಈ ಬಿದಿರಿನ ಕೆಲಸವೇನೆಂದು ತಿಳಿದರೆ ಮಾದರಿ ರಾಕೆಟ್ಟಿನ ಅರ್ಧ ಶಾಸ್ತ್ರ ತಿಳಿದಂತೆ. ಹಾರುವ ಯಾವ ವಸ್ತುವಿಗೂ ಎರಡು ಬಿಂದುಗಳುಂಟು. ಒಂದು ತೂಕದ ನಡು. ಬೆರಳ ಮೇಲೆ ಅಡ್ಡವಾಗಿ ಇಟ್ಟರೆ ಸಮತೂಕದಲ್ಲಿ ನಿಲ್ಲುವ ಜಾಗ. ಇನ್ನೊಂದು, ಪಕ್ಕದಿಂದ ತಾಗುವ ಗಾಳಿಯ ಒತ್ತಡವೆಲ್ಲ ಒಟ್ಟುಗೂಡಿದಂತಿರುವ ಜಾಗ. ಗಾಳಿಯ ಬಿಂದು ತೂಕದ ಬಿಂದುವಿಗಿಂತ ಹಿಂದಿದ್ದರೆ, ರಾಕೆಟ್ಟು ಓರೆಯಾದೊಡನೆ ಗಾಳಿಯೇ ಅದರ ಬಾಲವನ್ನು ತಳ್ಳಿ ನೇರ ಮಾಡುತ್ತದೆ. ಮುಂದಿದ್ದರೆ ರಾಕೆಟ್ಟು ತಿರುಗಿ ನಿಮ್ಮ ಕಡೆಗೇ ಬಂದೀತು. ಉದ್ದನೆಯ ಹಗುರ ಬಿದಿರು ಗಾಳಿಯ ಬಿಂದುವನ್ನು ಹಿಂದಕ್ಕೆ ಎಳೆಯುತ್ತದೆ. ಮಾದರಿ ರಾಕೆಟ್ಟಿನಲ್ಲಿ ಅದೇ ಕೆಲಸವನ್ನು ಬುಡದ ಮೂರೋ ನಾಲ್ಕೋ ರೆಕ್ಕೆಗಳು ಮಾಡುತ್ತವೆ. ಎರಡು ಬಿಂದುಗಳ ನಡುವೆ ಕೊಳವೆಯ ಒಂದು ಅಡ್ಡಳತೆಯಷ್ಟಾದರೂ ಅಂತರ ಇರಬೇಕೆಂಬುದು ಬಲ್ಲವರ ಲೆಕ್ಕ. ಸಣ್ಣದನ್ನು ಪರೀಕ್ಷಿಸಲು ದಾರ ಸಾಕು: ತೂಕದ ನಡುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿರಿ, ಮೂತಿ ಮುಂದಾಗಿ ಓಡಿದರೆ ಸರಿ, ಅಡ್ಡಾದಿಡ್ಡಿಯಾದರೆ ಮೂತಿಗೆ ತೂಕ ಸೇರಿಸಬೇಕು ಅಥವಾ ರೆಕ್ಕೆ ದೊಡ್ಡದಾಗಬೇಕು.

ಈಗಿನ ರೂಪದ ಮಾದರಿ ರಾಕೆಟ್ಟು ಹುಟ್ಟಿದ್ದು ಅಮೆರಿಕೆಯಲ್ಲಿ. ಹುಟ್ಟಿದ ಕಾರಣವನ್ನು ಇಲ್ಲಿ ಬಿಡಿಸಿ ಹೇಳಬೇಕು. 1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದಾಗ ಅಲ್ಲಿನ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಮನೆಯ ಹಿತ್ತಿಲಲ್ಲಿ ಕಬ್ಬಿಣದ ಕೊಳವೆಗೆ ತಾವೇ ಕಲಸಿದ ಮದ್ದು ಜಡಿದು ಎಷ್ಟೋ ಮಂದಿ ಬೆರಳು, ಕಣ್ಣು ಕಳೆದುಕೊಂಡರು, ಜೀವವೂ ಹೋದದ್ದುಂಟು. ಅದಕ್ಕೂ ಮೊದಲೇ, 1954ರಲ್ಲಿ, ನೆಬ್ರಾಸ್ಕ ಪ್ರಾಂತದ ನಾರ್ಫಕ್ ಊರಿನಲ್ಲಿ ಪಾದರಕ್ಷೆಗಳ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬ ಗೃಹಸ್ಥನು ಕಾಗದದ ಕೊಳವೆಯ ಹಗುರ ರಾಕೆಟ್ಟೊಂದನ್ನು ಮಾಡಿದ್ದನು. ರಾಕೆಟ್ ಕೇಂದ್ರದಲ್ಲಿ ಕೆಲಸದಲ್ಲಿದ್ದ ಹ್ಯಾರಿ ಸ್ಟೈನ್ ಹುಡುಗರ ಈ ಅಪಾಯದ ಬಗ್ಗೆ ಬರೆದ ಲೇಖನವನ್ನು ಓದಿ, ತನ್ನ ಮಾದರಿಯನ್ನು ಅವನಿಗೆ ಕಳುಹಿಸಿಕೊಟ್ಟನು. ಇಬ್ಬರೂ ಕೂಡಿ ಕಂಡ ದಾರಿ ಬಹು ಸರಳ: ಮದ್ದು ತುಂಬಿದ ಮೋಟಾರು ಕಾರ್ಖಾನೆಯಲ್ಲಿ ತಯಾರಾಗಿ, ಪರೀಕ್ಷೆಯಾಗಿ ಬರಲಿ, ಹುಡುಗನು ಉಳಿದದ್ದೆಲ್ಲವನ್ನೂ ಕಟ್ಟಲಿ. ಮದ್ದನ್ನು ಕಲಸುವ ಕೈ ಬೇರೆ, ಹಾರಿಸುವ ಕೈ ಬೇರೆ. ಇಡೀ ಹವ್ಯಾಸ ನಿಂತಿರುವುದು ಈ ಒಂದು ವಿಭಾಗದ ಮೇಲೆ.

ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರುಂಟು. ಒಟ್ಟು ನೂಕುಬಲವನ್ನು ನ್ಯೂಟನ್-ಸೆಕೆಂಡುಗಳಲ್ಲಿ ಅಳೆಯುವರು; ಎ ಎಂಬುದು 2.5ರವರೆಗೆ, ಬಿ 5ರವರೆಗೆ, ಹೀಗೆ ಮೆಟ್ಟಿಲಿಗೊಮ್ಮೆ ಇಮ್ಮಡಿಯಾಗುತ್ತ ಜಿ ಎಂಬುದು 160ಕ್ಕೆ ಮುಟ್ಟುತ್ತದೆ. 160 ದಾಟಿದರೆ ಅದು ‘ಹೆಚ್ಚು ಶಕ್ತಿಯ’ ರಾಕೆಟ್ಟು. ಅಮೆರಿಕೆಯಲ್ಲಿ ಅದನ್ನು ಹಾರಿಸಲು ಮೂರು ಹಂತದ ಅರ್ಹತಾಪತ್ರಗಳಿವೆ. ಅಕ್ಷರದ ಮುಂದಿನ ಅಂಕಿ ಸರಾಸರಿ ನೂಕುಬಲ. ಎಚ್-120 ಎಂಬ ಮೋಟಾರಿನಲ್ಲಿ ಒಟ್ಟು 240 ಇದ್ದರೆ ಅದು ಉರಿಯುವುದು ಎರಡೇ ಸೆಕೆಂಡು! ರಾಕೆಟ್ಟಿನ ತೂಕ ನೂಕುಬಲದ ಮೂರನೆಯ ಒಂದು ಪಾಲನ್ನು ಮೀರಬಾರದೆಂದು ನಿಯಮ. ಎಂದರೆ ಈ ಮೋಟಾರಿಗೆ ನಾಲ್ಕು ಕಿಲೋ ಮಿತಿ. ಒಂದೂವರೆ ಕಿಲೋ ರಾಕೆಟ್ಟಾದರೆ ಅರ್ಧ ಕಿಲೋಮೀಟರಿನ ಆಸುಪಾಸಿಗೆ ಏರೀತು.

ಏರುವುದಕ್ಕಿಂತ ಇಳಿಯುವುದೇ ಕಷ್ಟದ ವಿದ್ಯೆ. ಮದ್ದು ಉರಿದ ಮೇಲೆ ಮೋಟಾರಿನೊಳಗೆ ನಿಧಾನವಾಗಿ ಸುಡುವ ಪದರವೊಂದು ರಾಕೆಟ್ಟು ತುದಿ ಮುಟ್ಟುವ ತನಕ ಕಾಯುತ್ತದೆ. ಬಳಿಕ ಸಣ್ಣದೊಂದು ಸಿಡಿತ ಮೂತಿಯನ್ನು ಕಳಚಿ ಬಟ್ಟೆಯ ಕೊಡೆಯನ್ನು ಹೊರಕ್ಕೆ ತಳ್ಳುತ್ತದೆ. ಮೂತಿಯೂ ಕೊಳವೆಯೂ ಗಟ್ಟಿ ಹುರಿಯಿಂದ ಬಂಧಿತವಾಗಿರಬೇಕು, ಕೊಡೆಗೆ ಬಿಸಿ ತಾಗದಂತೆ ಉರಿಯದ ಹೊದಿಕೆ ಬೇಕು. ಮೂತಿ ಬಿಗಿಯಾಗಿ ಸಿಕ್ಕಿಕೊಂಡರೆ ಒಂದೂವರೆ ಕಿಲೋ ವಸ್ತು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲಕ್ಕೆ ಬರುತ್ತದೆ. ಕೊಡೆ ಬಿಚ್ಚಿದರೂ ಗಾಳಿಯ ಲೆಕ್ಕ ಬೇಕು: ಸೆಕೆಂಡಿಗೆ ಐದು ಮೀಟರಿನಂತೆ ಇಳಿಯುವುದು ಅಷ್ಟೇ ವೇಗದ ಗಾಳಿಯಲ್ಲಿ ಏರಿದಷ್ಟು ದೂರವೇ ತೇಲಿಹೋಗುವುದು. ಹೊಳೆಯ ದಂಡೆಯಲ್ಲಿ ಹಾರಿಸಿದರೆ ತುಂಗಭದ್ರೆಗೆ ಅರ್ಪಿಸಿದಂತೆಯೇ ಸರಿ.

ಆದುದರಿಂದ ಬಯಲು ವಿಶಾಲವಾಗಿರಬೇಕು; ಒಣಹುಲ್ಲು, ನಿಂತ ಜೋಳ, ದನಕರು, ವಿದ್ಯುತ್ ತಂತಿ ಇರಕೂಡದು. ರಾಕೆಟ್ಟು ನೆಟ್ಟ ಸರಳಿನ ಆಸರೆಯಲ್ಲಿ ನಿಂತಿರುತ್ತದೆ. ಬೆಂಕಿಕಡ್ಡಿ ನಿಷಿದ್ಧ, ದೂರದಿಂದ ಬ್ಯಾಟರಿಯ ತಂತಿಯಲ್ಲೇ ಹೊತ್ತಿಸಬೇಕು. ಎಚ್ ದರ್ಜೆಗೆ ಜನ ನೂರು ಅಡಿಯಾದರೂ ದೂರ ನಿಲ್ಲಬೇಕು. ಹೊತ್ತದಿದ್ದರೆ ತಂತಿ ಬಿಡಿಸಿ ಪೂರ್ತಿ ಒಂದು ನಿಮಿಷ ಯಾರೂ ಬಳಿಗೆ ಹೋಗಬಾರದು. ಹಾರಿಸುವ ಮುನ್ನ ಎಲ್ಲರಿಗೂ ಕೇಳುವಂತೆ ಎಚ್ಚರಿಕೆ ಕೂಗುವುದುಂಟು. ನಮ್ಮ ಮೈಲಾರದ ಜಾತ್ರೆಯನ್ನು ಕಂಡವರಿಗೆ ಇದು ಹೊಸದೆನಿಸದು: ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಅಷ್ಟು ಜನಸಾಗರ ಹೇಗೆ ಮೌನವಾಗುತ್ತದೆ!

ಇಷ್ಟು ಓದಿ ‘ನಾವೂ ಮಾಡೋಣವೇ?’ ಎಂದು ಮಗನೋ ಮಗಳೋ ಕೇಳಿದರೆ ಏನು ಹೇಳುವಿರಿ? ಮದ್ದಿನ ವಿಷಯದಲ್ಲಿ ಉತ್ತರ ಒಂದೇ, ಬೇಡ. 1884ರ ಸ್ಫೋಟಕ ವಸ್ತುಗಳ ಕಾಯಿದೆಯೂ 2008ರ ನಿಯಮಗಳೂ ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸುವುದನ್ನು ಅಪರಾಧವೆಂದಿವೆ. ಪಟಾಕಿ ಬಿಚ್ಚಿ ಪುಡಿ ಸುರಿದು ಕೂಡಿಸುವುದು ಹುಡುಗರಿಗೆ ಆಟವೆನಿಸುತ್ತದೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಕಾಲೇಜು ಸೇರುವ ವಯಸ್ಸಿನವರಿಗೆ ಬೇರೆ ಬಾಗಿಲು ತೆರೆದಿದೆ: 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ಬಲ್ಲವರ ಮೇಲ್ವಿಚಾರಣೆಯಲ್ಲಿ ನಡೆಯಿತು.

ಚಿಕ್ಕವರಿಗೆ ನೀರಿನ ರಾಕೆಟ್ಟುಂಟು. ಹಿರಿಯರೊಬ್ಬರು ಜೊತೆಗಿದ್ದರೆ ಇದನ್ನು ಮನೆಯಲ್ಲೇ ಕಟ್ಟಬಹುದು. ಗ್ಯಾಸು ತುಂಬಿ ಮಾರುವ ಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನೇ ಆರಿಸಿರಿ. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಾಳದು. ಮೂರನೆಯ ಒಂದು ಪಾಲು ನೀರು ತುಂಬಿ, ರಟ್ಟಿನ ರೆಕ್ಕೆ ಅಂಟಿಸಿ, ಗಾಳಿ ಹಾಕುವ ಸೂಜಿ ತೂರಿಸಿದ ಬಿರಡೆಯನ್ನು ಬಾಯಿಗೆ ಬಿಗಿಯಾಗಿ ಒತ್ತಿ, ಬುಡ ಮೇಲಾಗಿ ನಿಲ್ಲಿಸಿ, ಉದ್ದ ಕೊಳವೆಯ ಮೂಲಕ ಸೈಕಲ್ ಪಂಪಿನಿಂದ ಗಾಳಿ ಒತ್ತಿರಿ. ಬಿರಡೆ ತಾನಾಗಿ ಕಿತ್ತುಬಂದಾಗ ನೀರು ಹಿಂದಕ್ಕೆ, ಬಾಟಲಿ ಮೇಲಕ್ಕೆ. ಅದರ ಮೇಲೆ ಬಗ್ಗಿ ನೋಡಬಾರದು, ಗೀರು ಬಿದ್ದ ಬಾಟಲಿಯನ್ನು ಮತ್ತೆ ಬಳಸಬಾರದು. ಮೊದಲು ನೀರಿಲ್ಲದೆ ಬರೀ ಗಾಳಿಯಿಂದ ಹಾರಿಸಿ, ಆಮೇಲೆ ನೀರು ಹಾಕಿ ಹಾರಿಸಿದರೆ ಎತ್ತರದಲ್ಲಾಗುವ ವ್ಯತ್ಯಾಸವನ್ನು ಮಕ್ಕಳೇ ಅಳೆದು ಬರೆದಿಡಲಿ.