ಮನೆಯಲ್ಲೇ ಪ್ರಾರ್ಥಿಸಿದರೆ ಸಾಲದೇ?

"ಪ್ರಾರ್ಥನೆ ಮನೇಲೇ ಮಾಡ್ಕೋತೀನಿ, ಚರ್ಚ್‌ಗೆ ಯಾಕೆ ಹೋಗ್ಬೇಕು?" ಕೇಳಿದ್ದೀರಲ್ಲ ಈ ಮಾತು?

ಕ್ರಿ.ಶ. 304. ಈಗಿನ ಟ್ಯುನೀಸಿಯಾದಲ್ಲಿದ್ದ ಅಬಿಟಿನಾ ಎಂಬ ಊರು. ಕ್ರೈಸ್ತರು ಒಟ್ಟಿಗೆ ಸೇರಬಾರದು ಅಂತ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಆಜ್ಞೆ ಹೊರಡಿಸಿದ್ದ. ಆದರೂ ಸೇರಿದರು. 49 ಮಂದಿ ಸೆರೆ ಸಿಕ್ಕರು, ಕಾರ್ತೇಜಿನಲ್ಲಿ ವಿಚಾರಣೆ ನಡೆಯಿತು. ಗಮನಿಸಿ, ಒಬ್ಬೊಬ್ಬರೇ ಮನೆಯಲ್ಲಿ ಮನಸ್ಸಿನೊಳಗೇ ಪ್ರಾರ್ಥಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ! ಆದರೆ ಅವರಲ್ಲೊಬ್ಬನಾದ ಎಮೆರಿಟಸ್, ಭಾನುವಾರದ ಆರಾಧನೆ ಇಲ್ಲದೆ ನಮ್ಮಿಂದಾಗದು ಅಂತ ನೇರವಾಗಿ ಹೇಳಿಬಿಟ್ಟ.

ಅಂಥದ್ದೇನಿತ್ತು ಆ ಕೂಟದಲ್ಲಿ? ಅದಕ್ಕೂ ಮುಂಚೆ, ಸುಮಾರು 155ರಲ್ಲಿ, ಭಾನುವಾರದ ಕೂಟ ಹೇಗಿರುತ್ತಿತ್ತು ಅಂತ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ರೋಮಿನಲ್ಲಿ ಬರೆದಿಟ್ಟಿದ್ದಾನೆ. ಗ್ರಂಥ ಓದೋದು, ಉಪದೇಶ, ಎಲ್ಲರೂ ಎದ್ದು ನಿಂತು ಪ್ರಾರ್ಥನೆ, ಆಮೇಲೆ ರೊಟ್ಟಿ, ದ್ರಾಕ್ಷಾರಸ. ಬರಲಾಗದವರ ಪಾಲನ್ನು ಸಭಾಸೇವಕರು ಮನೆಗೇ ಒಯ್ಯುತ್ತಿದ್ದರು. ಕಾಣಿಕೆ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಮನೆಯಲ್ಲಿದ್ದವರಿಗೆ, ಪರಊರಿಂದ ಬಂದವರಿಗೆ.

ನನಗೆ ದೊಡ್ಡದು ಅನ್ನಿಸೋದು, ಬಾರದವರನ್ನೂ ಅವರು ಮರೆಯದೇ ಇದ್ದದ್ದು. ಒಬ್ಬರೇ ಕೂತು ಪ್ರಾರ್ಥಿಸಿದರೆ ಇವತ್ತು ಯಾರು ಬಂದಿಲ್ಲ ಅನ್ನೋದು ಕಾಣೋದೇ ಇಲ್ಲ. ಆನ್‌ಲೈನ್ ಆರಾಧನೆ ಹಾಸಿಗೆ ಹಿಡಿದವರಿಗೆ ವರ, ಒಪ್ಪುತ್ತೇನೆ. ಕೈಕಾಲು ಗಟ್ಟಿ ಇರೋರಿಗೆ? ಬರೀ ನೆಪ.

ಈ ಭಾನುವಾರ ಚರ್ಚ್‌ಗೆ ಹೋಗಿ. ಕೆಲವು ವಾರಗಳಿಂದ ಕಾಣದವರು ಯಾರಾದರೂ ಇದ್ದರೆ, ಮಧ್ಯಾಹ್ನ ಅವರ ಮನೆಗೊಮ್ಮೆ ಹೋಗಿ ಬನ್ನಿ.