ಪಟಾಕಿ ವ್ಯಾಪಾರ: ಪರವಾನಗಿಯ ಷರತ್ತುಗಳೂ ವರ್ತಕನ ಹೊಣೆಗಾರಿಕೆಯೂ

ದೀಪಾವಳಿಯ ಅಂಗಡಿಪೂಜೆ ನಮ್ಮ ಮಂಗಳೂರಿನ ವರ್ತಕ ಸಮುದಾಯಕ್ಕೆ ವರ್ಷದ ಲೆಕ್ಕವನ್ನು ಹೊಸದಾಗಿ ತೆರೆಯುವ ಶುಭ ಸಂದರ್ಭ. ಅಂದು ಪಟಾಕಿ ಮಾರುವವನೂ ವರ್ತಕನೇ, ತನ್ನ ಅಂಗಡಿಯ ಮುಂದೆ ಸುಡುವವನೂ ವರ್ತಕನೇ. ಆದುದರಿಂದ ಪಟಾಕಿಯ ಮಾರಾಟ ಮತ್ತು ಬಳಕೆಯನ್ನು ನಿಯಂತ್ರಿಸುವ ಕಾನೂನು ಕೇವಲ ಆ ವ್ಯಾಪಾರದಲ್ಲಿ ತೊಡಗಿರುವ ಕೆಲವರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವಂತಿಲ್ಲ. ದಿನಸಿ, ಸ್ಟೇಷನರಿ, ಆಟಿಕೆಗಳ ವ್ಯಾಪಾರಿಗಳಲ್ಲಿ ಅನೇಕರು ಹಬ್ಬದ ನಾಲ್ಕು ದಿನಗಳ ಮಟ್ಟಿಗೆ ಈ ವ್ಯಾಪಾರಕ್ಕೆ ಇಳಿಯುವುದು ವಾಡಿಕೆ. ತೊಡಕುಗಳು ಹುಟ್ಟಿಕೊಳ್ಳುವುದು ಬಹುತೇಕ ಇಂತಹ ಹಂಗಾಮಿ ವ್ಯಾಪಾರದಲ್ಲಿಯೇ.

ಕಾನೂನಿನ ದೃಷ್ಟಿಯಲ್ಲಿ ನಕ್ಷತ್ರಕಡ್ಡಿಯೂ ಸ್ಫೋಟಕವೇ ಆಗಿದೆ. ಬ್ರಿಟಿಷರ ಕಾಲದ 1884ರ ಸ್ಫೋಟಕಗಳ ಅಧಿನಿಯಮವೇ ಇಂದಿಗೂ ಮೂಲ ಶಾಸನ. ಅದರ ಅಡಿಯಲ್ಲಿ 1914, 1940 ಮತ್ತು 1983ರಲ್ಲಿ ನಿಯಮಗಳು ರಚಿತವಾಗಿ, ಅನಂತರ 2008ರ ಸ್ಫೋಟಕಗಳ ನಿಯಮಗಳು ಜಾರಿಗೆ ಬಂದವು. ಈ ನಿಯಮಗಳು ಸ್ಫೋಟಕಗಳನ್ನು ವರ್ಗಗಳಾಗಿ ವಿಂಗಡಿಸಿದ್ದು, ಪಟಾಕಿ ಹಾಗೂ ಬಾಣಬಿರುಸುಗಳು ಏಳನೆಯ ವರ್ಗಕ್ಕೆ ಸೇರುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅರ್ಥಾತ್ ಪೆಸೊ, ಇದರ ಮುಖ್ಯ ನಿಯಂತ್ರಕ. ಅಲ್ಪ ಪ್ರಮಾಣದ ತಯಾರಿಕೆಗೂ ಹಬ್ಬದ ತಾತ್ಕಾಲಿಕ ಮಾರಾಟಕ್ಕೂ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕಿದೆ. ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿರುವವರು ಪೊಲೀಸ್ ಆಯುಕ್ತರ ಕಚೇರಿಯನ್ನೂ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯವರು ಜಿಲ್ಲಾಧಿಕಾರಿಗಳ ಕಚೇರಿಯನ್ನೂ ಸಂಪರ್ಕಿಸಬೇಕಾಗುತ್ತದೆ.

ತಾತ್ಕಾಲಿಕ ಮಳಿಗೆ

ಹಬ್ಬದ ಮಾರಾಟಕ್ಕೆ ಸಂಬಂಧಿಸಿದ್ದು 84ನೆಯ ನಿಯಮ. ಇದು ಚಿಕ್ಕ ನಿಯಮವಾದರೂ ಅದರ ಒಂದೊಂದು ವಾಕ್ಯದ ಹಿಂದೆಯೂ ಒಂದೊಂದು ಬೆಂಕಿ ಅನಾಹುತದ ಅನುಭವ ಅಡಗಿರುವಂತೆ ತೋರುತ್ತದೆ. ಮಳಿಗೆಯನ್ನು ಸುಲಭವಾಗಿ ಬೆಂಕಿ ಹಿಡಿಯದ ವಸ್ತುವಿನಿಂದ ನಿರ್ಮಿಸಿರಬೇಕು. ಅನ್ಯರು ಒಳಬಾರದಂತೆ ಅದು ಭದ್ರವಾಗಿರಬೇಕು. ಒಂದು ಮಳಿಗೆಗೂ ಮತ್ತೊಂದಕ್ಕೂ ಕನಿಷ್ಠ 3 ಮೀಟರ್ ಅಂತರ, ವಾಸದ ಮನೆ, ಶಾಲೆ, ಆರಾಧನಾ ಸ್ಥಳಗಳಂತಹ ಸಂರಕ್ಷಿತ ಕಟ್ಟಡಗಳಿಂದ ಕನಿಷ್ಠ 50 ಮೀಟರ್ ಅಂತರ ಇರಬೇಕು. ಮಳಿಗೆಗಳು ಎದುರುಬದುರಾಗಿ ಇರಕೂಡದು. ಒಂದೇ ಸಮೂಹದಲ್ಲಿ 50ಕ್ಕಿಂತ ಹೆಚ್ಚು ಮಳಿಗೆಗಳಿಗೆ ಅವಕಾಶವಿಲ್ಲ. ಮಳಿಗೆಯಿಂದ 50 ಮೀಟರ್ ಒಳಗೆ ಪಟಾಕಿ ಸುಟ್ಟು ತೋರಿಸುವುದು ನಿಷಿದ್ಧ.

ದೀಪದ ವಿಷಯದಲ್ಲಿ ನಿಯಮ ಇನ್ನಷ್ಟು ಕಟ್ಟುನಿಟ್ಟು. ಎಣ್ಣೆದೀಪ, ಗ್ಯಾಸ್‌ಲೈಟು, ತೆರೆದ ಜ್ವಾಲೆ ಇವು ಮಳಿಗೆಯಲ್ಲಾಗಲಿ ಸುರಕ್ಷಿತ ಅಂತರದ ಒಳಗಾಗಲಿ ಇರಕೂಡದು. ವಿದ್ಯುದ್ದೀಪವನ್ನು ಗೋಡೆಗೆ ಅಥವಾ ಮಾಡಿಗೆ ಗಟ್ಟಿಯಾಗಿ ಕೂರಿಸಬೇಕೇ ಹೊರತು ವಯರಿನಿಂದ ಜೋತುಬಿಡುವಂತಿಲ್ಲ. ಪ್ರತಿ ಮಳಿಗೆಯ ಸ್ವಿಚ್ಚು ಗೋಡೆಗೆ ಭದ್ರವಾಗಿದ್ದು, ಪ್ರತಿ ಸಾಲಿಗೆ ಒಂದು ಮುಖ್ಯ ಸ್ವಿಚ್ಚು ಇರತಕ್ಕದ್ದು. ಸಂಜೆಯ ಹೊತ್ತು ಜೋತಾಡುವ ಬಿಸಿ ಬಲ್ಬಿನ ಕೆಳಗೆ ಬಾಣಬಿರುಸಿನ ಪೆಟ್ಟಿಗೆಗಳನ್ನು ಪೇರಿಸಿಟ್ಟ ದೃಶ್ಯವನ್ನು ನಾವೆಲ್ಲರೂ ಕಂಡವರೇ. ಪರವಾನಗಿ ಪತ್ರದ ಹಿಂಬದಿಯ ಷರತ್ತುಗಳನ್ನು ಓದಿದವರು ಅಂತಹ ಮಳಿಗೆಯಲ್ಲಿ ಕುಳಿತುಕೊಳ್ಳಲಾರರು.

ಕಾಯಂ ಅಂಗಡಿಯ ಷರತ್ತುಗಳು ಬೇರೆ. ಕಟ್ಟಡ ಇಟ್ಟಿಗೆ, ಕಲ್ಲು ಅಥವಾ ಕಾಂಕ್ರೀಟಿನದಾಗಿರಬೇಕು. ಅಂಗಡಿಯ ವಿಸ್ತೀರ್ಣ 9 ಚದರ ಮೀಟರಿಗಿಂತ ಕಡಿಮೆಯೂ 25 ಚದರ ಮೀಟರಿಗಿಂತ ಹೆಚ್ಚೂ ಇರಬಾರದು. ಅದು ನೆಲ ಅಂತಸ್ತಿನಲ್ಲಿಯೇ ಇರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಮೇಲಿನ ಅಂತಸ್ತಿನಲ್ಲಿ ವಾಸದ ಮನೆ ಇರಬಾರದು. ಮೆಟ್ಟಿಲು ಅಥವಾ ಲಿಫ್ಟಿನ ಕೆಳಗಾಗಲಿ ಪಕ್ಕದಲ್ಲಾಗಲಿ ಇರಬಾರದು. ನಮ್ಮ ಬಂದರು ಪ್ರದೇಶದ ಹಂಚಿನ ಮಾಡು, ಮರದ ಅಟ್ಟಗಳ ಹಳೆಯ ಗೋದಾಮುಗಳನ್ನೂ, ರಥಬೀದಿಯ ಸುತ್ತಮುತ್ತ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಮಾದರಿಯ ಕಟ್ಟಡಗಳನ್ನೂ ಬಲ್ಲವರಿಗೆ ಈ ಷರತ್ತುಗಳು ಅಲ್ಲಿ ಪಾಲನೆಯಾಗುವಂತಿಲ್ಲವೆಂಬುದು ಸ್ಪಷ್ಟ. ಪೇಟೆಯ ನಡುವಿನ ವ್ಯಾಪಾರವನ್ನು ಬಯಲು ಮೈದಾನಗಳಿಗೆ ಸ್ಥಳಾಂತರಿಸುವ ಕ್ರಮದ ಬಗ್ಗೆ ವ್ಯಾಪಾರಿಗಳಲ್ಲಿ ಅಸಮಾಧಾನವಿರುವುದು ಸಹಜವೇ. ಗಿರಾಕಿ ದೂರವಾಗುತ್ತಾನೆ, ಬಾಡಿಗೆ ಹೆಚ್ಚುತ್ತದೆ. ಆದರೂ ಅಟ್ಟದ ಮೇಲೆ ಮದ್ದು, ಅದರ ಮೇಲೆ ಸಂಸಾರ ಎಂಬ ವ್ಯವಸ್ಥೆಯನ್ನು ಸಮರ್ಥಿಸಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ.

ಅತ್ತಿಬೆಲೆ, ವೇಣೂರು, ನೀಲೇಶ್ವರ

2023ರ ಅಕ್ಟೋಬರ್ 7ರಂದು ಬೆಂಗಳೂರು ನಗರ ಜಿಲ್ಲೆ ಆನೇಕಲ್ ತಾಲೂಕಿನ ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ ಹೊತ್ತಿಕೊಂಡ ಬೆಂಕಿ ಗೋದಾಮು ಹಾಗೂ ಮಳಿಗೆಯನ್ನು ಆವರಿಸಿತು. 14 ಮಂದಿ ಅಂದೇ ಸುಟ್ಟು ಸತ್ತರು. ಗಾಯಗೊಂಡವರಲ್ಲಿ ಕೆಲವರು ಅನಂತರ ಆಸ್ಪತ್ರೆಯಲ್ಲಿ ಅಸುನೀಗಿದರು. ಮಡಿದವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿನ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಯುವಕರು. ಅಲ್ಲಿ ಪರವಾನಗಿ ಇರಲಿಲ್ಲವೆಂದಲ್ಲ; ಪ್ರಶ್ನೆ ಎದ್ದದ್ದು ಪರವಾನಗಿಗೆ ಮೀರಿದ ಸಂಗ್ರಹ ಮತ್ತು ಸುರಕ್ಷತೆಯ ಲೋಪಗಳ ಬಗ್ಗೆ. ಈ ದುರಂತದ ಬೆನ್ನಲ್ಲೇ ರಾಜ್ಯ ಸರ್ಕಾರವು ಮದುವೆ, ರಾಜಕೀಯ ಸಮಾರಂಭ ಹಾಗೂ ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಬಳಕೆಯನ್ನು ನಿಷೇಧಿಸುವುದಾಗಿ ಪ್ರಕಟಿಸಿ, ಹಸಿರು ಪಟಾಕಿಗೆ ಮಾತ್ರ ಅವಕಾಶವೆಂದು ಸಾರಿತು.

ನಮ್ಮ ಜಿಲ್ಲೆಯೂ ಇದರಿಂದ ಹೊರತಾಗಿ ಉಳಿಯಲಿಲ್ಲ. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪ ಕುಕ್ಕೇಡಿ ಗ್ರಾಮದ ಪಟಾಕಿ ತಯಾರಿಕಾ ಘಟಕದಲ್ಲಿ ಸಂಭವಿಸಿದ ಸ್ಫೋಟದಲ್ಲಿ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕರಾವಳಿಯ ದೇವಸ್ಥಾನಗಳ ಜಾತ್ರೆ, ಭೂತದ ನೇಮ, ಇಗರ್ಜಿಗಳ ಹಬ್ಬ, ದರ್ಗಾಗಳ ಉರೂಸು ಇವುಗಳಿಗೆಲ್ಲ ಗರ್ನಾಲು, ಬೆಡಿ ಬೇಕೇ ಬೇಕು. ಪುತ್ತೂರು ಮಹಾಲಿಂಗೇಶ್ವರನ ಏಪ್ರಿಲ್ ತಿಂಗಳ ಜಾತ್ರೆಯಂತೂ ‘ಪುತ್ತೂರು ಬೆಡಿ’ ಎಂದೇ ಪ್ರಸಿದ್ಧ. ಈ ಬೇಡಿಕೆಯನ್ನು ಪೂರೈಸುವವರಲ್ಲಿ ಸಣ್ಣ ತಯಾರಕರ ಪಾಲು ದೊಡ್ಡದು. ಜಿಲ್ಲಾ ಪ್ರಾಧಿಕಾರ ನೀಡುವ ತಯಾರಿಕಾ ಪರವಾನಗಿಯ ಮಿತಿ ಯಾವುದೇ ಒಂದು ಹೊತ್ತಿನಲ್ಲಿ 15 ಕಿಲೋ ಮಾತ್ರ. ಅದಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಪೆಸೊ ಸಂಸ್ಥೆಯ ಪರವಾನಗಿಯೇ ಬೇಕು. ಜಾತ್ರೆಗಳೆಲ್ಲ ಜನವರಿಯಿಂದ ಮೇ ತಿಂಗಳವರೆಗೆ ಒಟ್ಟಿಗೇ ಬರುವ ನಮ್ಮ ಜಿಲ್ಲೆಯಲ್ಲಿ 15 ಕಿಲೋ ಮಿತಿಯೊಳಗೆ ಎಲ್ಲ ಬೇಡಿಕೆ ಪೂರೈಸುವುದು ಕಷ್ಟವೆಂಬುದನ್ನು ಒಪ್ಪಲೇಬೇಕು. ಅದಕ್ಕೆ ಪರಿಹಾರ ದೊಡ್ಡ ಪರವಾನಗಿ ಪಡೆಯುವುದು, ಇಲ್ಲವೇ ಬೇಡಿಕೆಯನ್ನು ತಿರಸ್ಕರಿಸುವುದು. ಮೂರನೆಯ ದಾರಿಯನ್ನು ಹಿಡಿದ ತಯಾರಕ ತನ್ನ ಕಾರ್ಮಿಕರ ಪ್ರಾಣವನ್ನೇ ಒತ್ತೆ ಇಟ್ಟಂತಾಗುತ್ತದೆ.

ಅದೇ ವರ್ಷ ಅಕ್ಟೋಬರ್ 28ರ ರಾತ್ರಿ ನೆರೆಯ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಅಂಜೂಟ್ಟಂಬಲಂ ವೀರರ್‌ಕಾವಿನಲ್ಲಿ ತೆಯ್ಯಂ ನಡೆಯುತ್ತಿದ್ದಾಗ, ಪಟಾಕಿ ದಾಸ್ತಾನಿಗೆ ಕಿಡಿ ಹಾರಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಹಲವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಸಿಡಿಸುವ ಸ್ಥಳ ಮತ್ತು ದಾಸ್ತಾನು ಕೊಠಡಿ ತೀರ ಹತ್ತಿರವಿದ್ದುದೇ ಅನರ್ಥಕ್ಕೆ ಕಾರಣ. 2016ರ ಏಪ್ರಿಲ್ 10ರಂದು ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಾಗಲೂ ದಾಸ್ತಾನಿಗೆ ಕಿಡಿ ತಗುಲಿದ್ದೇ ಕಾರಣವಾಗಿತ್ತು. ಸಾರ್ವಜನಿಕ ಬಾಣಬಿರುಸು ಪ್ರದರ್ಶನಕ್ಕೆ ಎಲ್‌ಇ-6 ನಮೂನೆಯ ಪ್ರತ್ಯೇಕ ಪರವಾನಗಿ ಅಗತ್ಯ. 2024ರ ಅಕ್ಟೋಬರ್ 11ರ ಕೇಂದ್ರದ ಅಧಿಸೂಚನೆಯು ದಾಸ್ತಾನು ಮತ್ತು ಸಿಡಿಸುವ ಸ್ಥಳದ ನಡುವೆ 200 ಮೀಟರ್ ಅಂತರವನ್ನು ವಿಧಿಸಿದಾಗ ತ್ರಿಶ್ಶೂರ್ ಪೂರಂ ಆಯೋಜಕರಿಂದ ತೀವ್ರ ವಿರೋಧ ವ್ಯಕ್ತವಾಯಿತು. ಜಾತ್ರೆಗೆ ಸರಕು ಒದಗಿಸುವ ನಮ್ಮ ವ್ಯಾಪಾರಿಗಳು ಆಡಳಿತ ಮಂಡಳಿಯ ಬಳಿ ಈ ಪರವಾನಗಿ ಇದೆಯೇ ಎಂಬುದನ್ನು ಕೇಳಿ, ಅದರ ಪ್ರತಿಯನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳುವುದು ಲೇಸು.

ಯಾವ ಸರಕು ಮಾರಬಹುದು?

ಸರ್ವೋಚ್ಚ ನ್ಯಾಯಾಲಯದ 2018ರ ಅಕ್ಟೋಬರ್ 23ರ ತೀರ್ಪು ಈ ವ್ಯಾಪಾರದ ಸ್ವರೂಪವನ್ನೇ ಬದಲಿಸಿತು. 2015ರಲ್ಲಿ ಮೂವರು ಹಸುಳೆಗಳ ಪರವಾಗಿ ಸಲ್ಲಿಕೆಯಾದ ಅರ್ಜಿಯ ಮೇಲೆ ಬಂದ ಆ ತೀರ್ಪಿನಂತೆ, ಕಡಿಮೆ ಮಾಲಿನ್ಯದ ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶ. ಸರಪಟಾಕಿ ನಿಷಿದ್ಧ. ಬೇರಿಯಂ ಲವಣಗಳ ಬಳಕೆ ನಿಷಿದ್ಧ. ಪರವಾನಗಿ ಹೊಂದಿದ ವರ್ತಕರ ಮೂಲಕವೇ ಮಾರಾಟ ನಡೆಯಬೇಕು. ಅಂತರಜಾಲದ ಮೂಲಕ ಮಾರಾಟ ಕೂಡದು. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ, ಕ್ರಿಸ್‌ಮಸ್ ಮತ್ತು ಹೊಸವರ್ಷದ ಮುನ್ನಾದಿನ ರಾತ್ರಿ 11.55ರಿಂದ 12.30ರವರೆಗೆ ಸುಡಬಹುದು. ನರಕ ಚತುರ್ದಶಿಯ ಮುಂಜಾವಿನ ಸಂಪ್ರದಾಯವನ್ನು ಮುಂದಿಟ್ಟು ತಮಿಳುನಾಡು ಕೋರಿದ ಮೇರೆಗೆ, ಒಟ್ಟು ಎರಡು ಗಂಟೆ ಮೀರದಂತೆ ವೇಳೆಯನ್ನು ಬದಲಿಸಿಕೊಳ್ಳಲು ನ್ಯಾಯಾಲಯ ಆಮೇಲೆ ಸಮ್ಮತಿಸಿತು. 2021ರ ಅಕ್ಟೋಬರ್ 29ರ ಆದೇಶದಲ್ಲಿ ಬೇರಿಯಂ ಹಾಗೂ ಸರಪಟಾಕಿಗಳ ನಿಷೇಧವನ್ನು ಪುನರುಚ್ಚರಿಸಿ, ಉಲ್ಲಂಘನೆಗೆ ಅಧಿಕಾರಿಗಳನ್ನೇ ವೈಯಕ್ತಿಕವಾಗಿ ಹೊಣೆಗಾರರನ್ನಾಗಿಸುವುದಾಗಿ ಅದು ಎಚ್ಚರಿಸಿತು. ಅಧಿಕಾರಿಗೆ ಹೊಣೆ ಬಂದ ಮೇಲೆ ತಪಾಸಣೆ ಬಿಗಿಯಾಗುವುದು ಸ್ವಾಭಾವಿಕ. ಅಂಗಡಿಪೂಜೆಯ ಮುಹೂರ್ತ ರಾತ್ರಿ ಹತ್ತರ ನಂತರ ಬಂದರೂ ವೇಳೆಯಲ್ಲಿ ರಿಯಾಯಿತಿ ಇಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು.

ಹಸಿರು ಪಟಾಕಿ ಎಂಬುದು ಕಾಗದದ ಬಣ್ಣವಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ನೀರಿ, ರೂಪಿಸಿದ ಮಿಶ್ರಣಸೂತ್ರಗಳಿಂದ ತಯಾರಾಗಿ, ಹೊಗೆಯ ಕಣಗಳನ್ನು ಕನಿಷ್ಠ 30 ಶೇಕಡಾ ತಗ್ಗಿಸುವ ಉತ್ಪನ್ನಗಳಿವು. 2019ರಲ್ಲಿ ಮಾರುಕಟ್ಟೆಗೆ ಬಂದವು. ಪೆಟ್ಟಿಗೆಯ ಮೇಲೆ ಹಸಿರು ಲಾಂಛನವೂ ಕ್ಯೂಆರ್ ಸಂಕೇತವೂ ಇರುತ್ತವೆ. ಲಾಂಛನವನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದಾದ್ದರಿಂದ, ಸರಕು ಇಳಿಸಿಕೊಳ್ಳುವಾಗಲೇ ಸಂಕೇತವನ್ನು ಮೊಬೈಲಿನಲ್ಲಿ ಪರೀಕ್ಷಿಸಿ, ತಯಾರಕರ ಹೆಸರು ಮತ್ತು ಪರವಾನಗಿ ಸಂಖ್ಯೆಯನ್ನು ಬಿಲ್ಲಿನೊಡನೆ ತಾಳೆ ನೋಡುವುದು ಒಳಿತು. ಬಿಲ್ಲಿಲ್ಲದ ಸರಕಿಗೆ ತೆರಿಗೆಯ ತೊಂದರೆ ಒಂದು, ಮೂಲ ತಿಳಿಯದ ತೊಂದರೆ ಇನ್ನೊಂದು. ಸದ್ದಿನ ಮಿತಿಯೂ ಇದೆ: ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಗಳ ತಯಾರಿಕೆ, ಮಾರಾಟ, ಬಳಕೆ 1999ರಿಂದಲೇ ನಿಷಿದ್ಧ.

ಗಂಧಕ ಮತ್ತು ಕ್ಲೋರೇಟ್ ಬೆರೆತ ಮದ್ದನ್ನು 1992ರಲ್ಲೇ ನಿಷೇಧಿಸಲಾಗಿದೆ. ಈ ಎರಡು ವಸ್ತುಗಳು ಒಂದಾದಾಗ ತೇವಾಂಶದಿಂದ ಆಮ್ಲ ಹುಟ್ಟಿ, ತಿಕ್ಕಾಟವಿಲ್ಲದೆಯೂ ತಾವಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅಗ್ಗದ ವಿದೇಶಿ ಪಟಾಕಿಗಳಲ್ಲಿ ಕ್ಲೋರೇಟ್ ಬಳಕೆ ಸಾಮಾನ್ಯ. ಪರವಾನಗಿಯಿಲ್ಲದ ಆಮದು ಅಕ್ರಮವೂ ಹೌದು. ನಮ್ಮ ಕಡಲತೀರದ ತೇವದ ಗಾಳಿಯಲ್ಲಿ, ಅಕ್ಟೋಬರದ ಮಳೆಯಲ್ಲಿ, ಇದು ಶಿವಕಾಶಿಯ ಒಣಹವೆಗಿಂತ ಹೆಚ್ಚಿನ ಅಪಾಯ. ಅಲ್ಯೂಮಿನಿಯಂ ಪುಡಿಯುಳ್ಳ ಮಿಶ್ರಣವೂ ತೇವ ತಗುಲಿದರೆ ಒಳಗೇ ಬಿಸಿಯೇರುತ್ತದೆ. ಆದಕಾರಣ ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರವಾಗಿ ಇರಿಸಬೇಕು. ಒದ್ದೆಯಾದದ್ದನ್ನು ಬಿಸಿಲಿಗೆ ಹರಡಿ ಒಣಗಿಸಿ ಮಾರುವ ಅಭ್ಯಾಸ ಸರ್ವಥಾ ಕೂಡದು.

ಸಾಗಣೆ, ವಿಮೆ, ಶಿಕ್ಷೆ

ರೈಲಿನಲ್ಲಿ ಪಟಾಕಿ ಒಯ್ಯುವುದು 1989ರ ರೈಲ್ವೆ ಅಧಿನಿಯಮದ 164ನೆಯ ಕಲಮಿನಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಖಾಸಗಿ ಬಸ್ಸುಗಳ ಡಿಕ್ಕಿಯಲ್ಲಿ ‘ಸ್ಟೇಷನರಿ ಸಾಮಾನು’ ಎಂಬ ಹೆಸರಿನಲ್ಲಿ ಪಾರ್ಸೆಲ್ ತರಿಸಿಕೊಳ್ಳುವವರು, ಮೇಲೆ ಕುಳಿತ ಪ್ರಯಾಣಿಕರ ಬಗ್ಗೆ ಕ್ಷಣಕಾಲ ಯೋಚಿಸಲಿ.

ವಿಮೆಯ ವಿಚಾರವನ್ನು ಬಹಳ ಮಂದಿ ಅಲಕ್ಷಿಸುತ್ತಾರೆ. ದಿನಸಿ ಅಂಗಡಿಯೆಂದು ಘೋಷಿಸಿ ಮಾಡಿಸಿದ ಅಗ್ನಿವಿಮೆಯು, ಅಲ್ಲಿ ವಿಮಾ ಕಂಪೆನಿಗೆ ತಿಳಿಸದೆ ಪಟಾಕಿ ಇಟ್ಟಿದ್ದರೆ, ನಷ್ಟದ ಹೊತ್ತಿನಲ್ಲಿ ಕೈಕೊಡುವ ಸಂಭವವೇ ಹೆಚ್ಚು. ಪಟಾಕಿಯ ನಷ್ಟವಷ್ಟೇ ಅಲ್ಲ, ಇಡೀ ಅಂಗಡಿಯ ದಾಸ್ತಾನಿನ ಪರಿಹಾರವೇ ತಿರಸ್ಕೃತವಾಗಬಹುದು. ಹಬ್ಬಕ್ಕೆ ಮುಂಚೆ ವಿಮಾ ಏಜೆಂಟರಿಗೆ ಲಿಖಿತವಾಗಿ ತಿಳಿಸಿ, ಲಿಖಿತ ಉತ್ತರವನ್ನೇ ಪಡೆಯತಕ್ಕದ್ದು.

ಸ್ಫೋಟಕಗಳ ಅಧಿನಿಯಮದ 9ಬಿ ಕಲಮಿನ ಪ್ರಕಾರ ಅಕ್ರಮ ತಯಾರಿಕೆಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಕ್ರಮ ಸಂಗ್ರಹ ಮತ್ತು ಮಾರಾಟಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 3,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡದ ಮೊತ್ತ ಸಣ್ಣದೆಂದು ಮೋಸಹೋಗಬಾರದು. ಪ್ರಾಣಹಾನಿಯಾದಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದ ಸಾವಿಗೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಅತ್ತಿಬೆಲೆಯಂತಹ ಪ್ರಕರಣಗಳಲ್ಲಿ ಇನ್ನೂ ಗಂಭೀರ ಆಪಾದನೆಗಳು ದಾಖಲಾಗುತ್ತವೆ. ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ರಜೆಯಲ್ಲಿ ನೆರವಿಗೆಂದು ಬರುವ ಮನೆಯ ಮಕ್ಕಳನ್ನೂ ಮಳಿಗೆಯಿಂದ ದೂರವಿಡುವುದು ಕ್ಷೇಮ.

ಇನ್ನುಳಿದದ್ದು ಮಾರಾಟವಾಗದೆ ಉಳಿದ ಸರಕಿನ ಪ್ರಶ್ನೆ. ತಾತ್ಕಾಲಿಕ ಪರವಾನಗಿಯಲ್ಲಿ ನಮೂದಿಸಿದ ಕೊನೆಯ ದಿನ ಮುಗಿದ ಮರುಗಳಿಗೆಯಿಂದ, ಅದೇ ಪೆಟ್ಟಿಗೆ ಅಕ್ರಮ ಸಂಗ್ರಹವೆನಿಸುತ್ತದೆ. ‘ಕ್ರಿಸ್‌ಮಸ್‌ಗೆ ಆದೀತು, ಷಷ್ಠಿಗೆ ಆದೀತು’ ಎಂದು ಮನೆಯ ಅಟ್ಟಕ್ಕೆ ಸೇರಿಸಿದ ನಾಲ್ಕು ಪೆಟ್ಟಿಗೆಗಳಿಗೆ ಪರವಾನಗಿಯೂ ಇಲ್ಲ, ವಿಮೆಯೂ ಇಲ್ಲ. ಖರೀದಿಯ ಹೊತ್ತಿನಲ್ಲೇ ಸಗಟು ವ್ಯಾಪಾರಿಯೊಡನೆ ಉಳಿಕೆ ಸರಕನ್ನು ಹಿಂದೆ ಪಡೆಯುವ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಂಡು, ಹಬ್ಬ ಮುಗಿದ ಮರುದಿನವೇ ಪರವಾನಗಿಯುಳ್ಳ ಅವರ ಗೋದಾಮಿಗೆ ಮರಳಿಸಿ ರಸೀದಿ ಪಡೆಯಬೇಕು. ಹಿಂದಿರುಗಿಸಲಾಗದ ಹಾಳು ಸರಕಿನ ವಿಲೇವಾರಿಗೆ ಪರವಾನಗಿ ನೀಡಿದ ಕಚೇರಿ ಮತ್ತು ಅಗ್ನಿಶಾಮಕ ಠಾಣೆಯ ಸಲಹೆ ಪಡೆಯತಕ್ಕದ್ದು. ಹೊಸ ಅರ್ಜಿದಾರರು ಎಇ-5 ನಮೂನೆಯ ಅರ್ಜಿ, ಸ್ಥಳದ ನಕ್ಷೆ, ಜಾಗದ ಮಾಲೀಕರ ಅಥವಾ ಮಹಾನಗರ ಪಾಲಿಕೆಯ ಒಪ್ಪಿಗೆ, ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ ಇವುಗಳನ್ನು ಮಹಾನವಮಿಗೆ ಮೊದಲೇ ಸಿದ್ಧಪಡಿಸಿಕೊಂಡರೆ ಕೊನೆಯ ವಾರದ ಓಡಾಟ ತಪ್ಪುತ್ತದೆ. ಆಯಾ ವರ್ಷ ಸರ್ಕಾರವೂ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹೊರಡಿಸುವ ಸುತ್ತೋಲೆಗಳನ್ನು ನೋಡಿದ ಬಳಿಕವೇ ಶಿವಕಾಶಿಗೆ ಮುಂಗಡ ಕಳುಹಿಸುವುದು ಉಚಿತ.